ಕೆಂಪು ಗುಂಡಿಯ ಭಾನುವಾರಗಳು

"ಅದನ್ನ ತುಳೀಬೇಡಿ!"

ನೈರೋಬಿ ಪೇಟೆಯ ಜನಜಂಗುಳಿಯಲ್ಲಿ ಕನ್ನಡ ಕೇಳಿ ನಂದನ್ ಎತ್ತಿದ ಕಾಲನ್ನು ಹಾಗೇ ನಿಲ್ಲಿಸಿದ. ಕೆಳಗೆ ಒಂದು ಕೆಂಪು ಗುಂಡಿ... ಎದುರಿಗೆ ಕಣ್ಣು ತುಂಬಿಕೊಂಡು ನಿಂತ ಹುಡುಗಿ.

"ಒಂದು ಶರ್ಟ್ ಬಟನ್‌ಗೆ ಇಷ್ಟು ಗಾಬರೀನಾ?"

"ನಮ್ಮ ಮುತ್ತಜ್ಜಂದು. ಮಿಲಿಟರಿ ಅಂಗೀದು!"

ಅವಳು ಜಾಹ್ನವಿ. ಕಿಲಿಮಾನಿ ಬಡಾವಣೆಯಲ್ಲಿ ವಾಸ, ಎನ್‌ಜಿಒ ಒಂದರಲ್ಲಿ ಕೆಲಸ. ಎರಡನೇ ಮಹಾಯುದ್ಧದ ಕಾಲದಲ್ಲಿ ಅವಳ ಮುತ್ತಜ್ಜ, ಸಿಪಾಯಿ ವಿಠ್ಠಲ, ಇದೇ ಊರಿಗೆ ಬಂದಿದ್ದ. ಕಾತ್ಯಾಯಿನಿಯನ್ನು ಮದುವೆಯಾಗಿ ಭಾರತಕ್ಕೆ ಮರಳಿದ್ದ. ಹೇಗೆ ಭೇಟಿಯಾದಿರಿ ಎಂದು ಮಗಳು ಕೇಳಿದಾಗಲೆಲ್ಲ ಕಾತ್ಯಾಯಿನಿ ಈ ಗುಂಡಿ ತೋರಿಸಿ ನಗುತ್ತಿದ್ದಳಂತೆ. ಹೇಳದೆಯೇ ಹೋಗಿಬಿಟ್ಟಳು. ಆ ಮಗಳೇ ಜಾಹ್ನವಿಯ ಅಜ್ಜಿ. ಪ್ರತಿ ಭಾನುವಾರ ಮೈಸೂರಿನಿಂದ ಫೋನಿನಲ್ಲಿ ಒಂದೇ ಪ್ರಶ್ನೆ: "ಗೊತ್ತಾಯ್ತಾ ಪುಟ್ಟಿ?"

ಔಷಧಿ ಕಾರ್ಖಾನೆಯ ಎಂಜಿನಿಯರ್ ನಂದನ್‌ಗೂ ಭಾನುವಾರವೇ ರಜೆ. ಇಬ್ಬರೂ ಸೇರಿ ಗುಂಡಿಯ ಕಥೆ ಹುಡುಕತೊಡಗಿದರು. ಹಳೆಯ ಅಂಗಡಿಗಳು, ದೇವಸ್ಥಾನಗಳು, ಮಟಾಟು ಎಂಬ ಬಾಡಿಗೆ ವ್ಯಾನಿನಲ್ಲಿ ಭುಜಕ್ಕೆ ಭುಜ ತಾಗುವ ಪ್ರಯಾಣ... ನಾಲ್ಕು ತಿಂಗಳು ಕಳೆದವು.

ಜಾಹ್ನವಿಯ ಕೆಲಸದ ಅವಧಿ ಮುಗಿಯುತ್ತ ಬಂತು. ಇನ್ನೊಂದು ವರ್ಷ ಇರುತ್ತೀರಾ ಎಂದು ಆಫೀಸಿನವರು ಕೇಳಿದ್ದರು. ಸೋಮವಾರ ಉತ್ತರ ಕೊಡಬೇಕು.

'ಇರು ಅಂತ ಇವನು ಒಂದೇ ಒಂದು ಸಲ ಅನ್ನಬಾರದಾ...' ಅವಳ ಜೀವ ಕಾದು ಕಾದು ಸೋತಿತ್ತು. ನಂದನ್‌ಗೋ ಕಾಫಿ ಕುಡಿಯಲು ಮಾತ್ರ ಬಾಯಿ ಇತ್ತು!

ಕೊನೆಯ ಭಾನುವಾರ ಅವನು ಅವಳನ್ನು ಸೌತ್ ಬಿ ಬಡಾವಣೆಗೆ, ತನ್ನ ನೆರೆಮನೆಯ ಲೀಲಾಬಾಯಿಯ ಬಳಿಗೆ ಕರೆದೊಯ್ದ. ತೊಂಬತ್ತು ದಾಟಿದ ಮಂಗಳೂರು ಕಡೆಯ ಮುದುಕಿ. ಕಾತ್ಯಾಯಿನಿಯ ಚಿಕ್ಕಪ್ಪನ ಮಗಳು!

"ನೀನು ಅಕ್ಕನ ಮರಿಮಗಳಾ? ಇವನಿಗೆ ನಾನು ಹೋದ ತಿಂಗಳೇ ಎಲ್ಲ ಹೇಳಿದ್ದೆನಲ್ಲ ಮಾರಾಯ್ತಿ!"

ಜಾಹ್ನವಿ ನಂದನ್ ಕಡೆ ತಿರುಗಿದಳು.

"ಒಂದು ತಿಂಗಳಿಂದ ಗೊತ್ತಿತ್ತಾ ನಿಮಗೆ? ಎಂಬತ್ತು ವರ್ಷದ ನಮ್ಮಜ್ಜಿ ಪ್ರತಿ ವಾರ ಕಾಯ್ತಾರೆ ನಂದನ್!"

"ಸಾರಿ... ಹೇಳಿಬಿಟ್ರೆ ಹುಡುಕೋದು ಮುಗಿಯುತ್ತೆ. ಮುಂದಿನ ಭಾನುವಾರ ನೀವ್ಯಾಕೆ ಬರ್ತೀರಿ ಅಂತ..."

ಅವಳು ಬ್ಯಾಗ್ ಎತ್ತಿಕೊಂಡು ಎದ್ದಳು.

"ಕೂತುಕೋ. ಸಿಟ್ಟು ಆಮೇಲೆ ಮಾಡು," ಎಂದು ಲೀಲಾಬಾಯಿ ಕೈ ಹಿಡಿದೆಳೆದರು. "ನನ್ನ ದೊಡ್ಡಪ್ಪ ಇಲ್ಲಿ ಟೈಲರ್. ನಿನ್ನ ಮುತ್ತಜ್ಜ ಭಾನುವಾರ ಬಂತೆಂದರೆ ಒಂದು ಗುಂಡಿ ಹೋಗಿದೆ ಅಂತ ಬರುವುದು. ಹೊಲಿಯುವುದು ಅಕ್ಕ. ಆರನೇ ಸಲ ನೋಡ್ತಾಳೆ, ನೂಲು ಬ್ಲೇಡಿನಲ್ಲಿ ಕೊಯ್ದದ್ದು!"

ಜಾಹ್ನವಿಗೆ ಸಿಟ್ಟಿನಲ್ಲೂ ನಗು ಬಂತು. "ಆಮೇಲೆ?"

"ಬೇಕಂತಲೇ ಕೆಂಪು ಗುಂಡಿ ಹಾಕಿದಳು. 'ಇದನ್ನೂ ಕೊಯ್ದು ತಂದರೆ ನಾನು ಹೊಲಿಯುವುದಿಲ್ಲ. ಬೇಕಾದ್ದನ್ನು ಬಾಯಿ ಬಿಟ್ಟು ಅಪ್ಪನ ಹತ್ತಿರ ಕೇಳಿ' ಅಂದಳು. ಯುದ್ಧಕ್ಕೆ ಹೊರಡುವ ಮುಂಚೆ ಬಂದು ಕೇಳಿದ. ಅಕ್ಕ ಮೂರು ವರ್ಷ ಅವನ ದಾರಿ ಕಾದಳು."

ಜಾಹ್ನವಿ ಅಲ್ಲಿಂದಲೇ ಅಜ್ಜಿಗೆ ಫೋನ್ ಮಾಡಿ, ಸ್ಪೀಕರಿನಲ್ಲಿಟ್ಟು ಎಲ್ಲವನ್ನೂ ಹೇಳಿದಳು. ಅಜ್ಜಿ ನಕ್ಕರು, ಅತ್ತರು. ಕೊನೆಗೆ ಕೇಳಿದರು, "ಅದು ಸರಿ, ಆ ಹುಡುಗ ಇನ್ನೂ ಬಾಯಿ ಬಿಟ್ಟಿಲ್ವಾ?"

ನಂದನ್ ಕಿವಿಯವರೆಗೂ ಕೆಂಪಾದ.

"ಜಾಹ್ನವಿ... ಹೋಗಬೇಡ. ಹುಡುಕೋಕೆ ಏನೂ ಉಳಿದಿಲ್ಲ, ಆದ್ರೂ ಇರು. ನೀನಿಲ್ದೆ ನನಗೆ ಭಾನುವಾರಾನೇ ಇಲ್ಲ."

ನಾಲ್ಕು ತಿಂಗಳು ತಡೆದಿಟ್ಟ ಕಣ್ಣೀರು ಕೊನೆಗೂ ಹರಿಯಿತು. ಅವಳು ಕೆಂಪು ಗುಂಡಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು.

"ಮೊದಲು ಅಜ್ಜಿ ಹತ್ರ ಸಾರಿ ಕೇಳು. ನಾಳೆ ಆಫೀಸಿಗೆ ಇರ್ತೀನಿ ಅಂತ ಹೇಳ್ತೀನಿ."

"ಹಾಗಾದ್ರೆ ಮುಂದಿನ ಭಾನುವಾರ ಸಿಗ್ತೀಯಾ?"

"ಅಲ್ಲೀವರೆಗೂ ಯಾಕೋ ಕಾಯಬೇಕು?"