ಚೆನ್ನರಾಯಪ್ಪ ಮೇಷ್ಟ್ರ ಏಳು ಪತ್ರಗಳು

ಚೆನ್ನರಾಯಪ್ಪ ಮೇಷ್ಟ್ರು ತೀರಿಕೊಂಡ ಒಂಬತ್ತನೇ ದಿನ, ಮೇಲೂರಿನ ಮನೆಯಲ್ಲಿ ಅವರ ಮರದ ಪೆಟ್ಟಿಗೆ ತೆರೆದರೆ, ಒಳಗೆ ನುಸಿಗುಳಿಗೆಗಳ ಹೊರತು ಏನೂ ಇರಲಿಲ್ಲ. ಸ್ವಾತಂತ್ರ್ಯ ಹೋರಾಟದ ನಾಯಕರು ತಮ್ಮ ಕೈಯಾರೆ ಬರೆದ ಏಳು ಪತ್ರಗಳು—ಮೇಷ್ಟ್ರು ನಲವತ್ತು ವರ್ಷ ಊರೂರು ಅಲೆದು ಕೂಡಿಸಿದವು—ಮಾಯ! ಅವು ಶಿಡ್ಲಘಟ್ಟದ ಗ್ರಂಥಾಲಯಕ್ಕೆ ಸೇರಲಿ ಎಂಬುದು ಅವರ ಕೊನೆಯ ಮಾತಾಗಿತ್ತು.

ಬೀಗದ ಕೈ ಇಡುವ ಜಾಗ ನಾಲ್ವರಿಗೆ ಗೊತ್ತಿತ್ತು—ಹೆಂಡತಿ ರಾಮಲಕ್ಷ್ಮಮ್ಮ, ರೇಷ್ಮೆ ಸಾಕುವ ಹುಳುಮನೆ ನೋಡಿಕೊಳ್ಳುವ ಆಂಜಿನಮ್ಮ, ಶಿಷ್ಯ ಮಧುಕುಮಾರ್, ಚಿಕ್ಕಬಳ್ಳಾಪುರದಲ್ಲಿ ಗುಮಾಸ್ತನಾಗಿದ್ದ ತಮ್ಮ ನರಸಿಂಹಮೂರ್ತಿ. ಮಕ್ಕಳಿಲ್ಲದ ಅಣ್ಣನ ಚಿತೆಗೆ ಕೊಳ್ಳಿಯಿಟ್ಟವನು ಈ ತಮ್ಮನೇ.

"ಇನ್ಯಾರು ಸಾರ್? ಇವನೇ!" ಮೇಷ್ಟ್ರ ಗೆಳೆಯ, ನಿವೃತ್ತ ಇನ್ಸ್‌ಪೆಕ್ಟರ್ ಮುನಿವೆಂಕಟಪ್ಪನವರಿಗೆ ಹೇಳುತ್ತ ನರಸಿಂಹಮೂರ್ತಿ ಮಧುಕುಮಾರನ ಕತ್ತುಪಟ್ಟಿ ಹಿಡಿದ. "ಸಂಜೆಗೆ ಠಾಣೆಗೆ ಕೊಡ್ತೀನಿ."

"ಮುಂದಿನ ತಿಂಗಳು ನಂಗೆ ಸ್ಕೂಲಲ್ಲಿ ಕೆಲಸ ಸಿಗೋದಿದೆ ಸಾರ್. ಕಳ್ಳ ಅಂತಂದ್ರೆ ಮುಗೀತು!"

ಗೆಳೆಯನಿಗಾಗಿ ಅಳುವುದಕ್ಕೂ ಬಿಡಲಿಲ್ಲವಲ್ಲ ಇವರು! ಮುನಿವೆಂಕಟಪ್ಪ ಕಣ್ಣೊರೆಸಿಕೊಂಡು ಎದ್ದರು. ಅಷ್ಟರಲ್ಲಿ ಆಂಜಿನಮ್ಮ ಮೊರದ ತುಂಬ ಸತ್ತ ರೇಷ್ಮೆಹುಳು ಹೊತ್ತು ಬಂದಳು.

"ನೋಡಪ್ಪ, ಮೂರು ದಿನದಿಂದ ಸೊಪ್ಪೇ ಮುಟ್ಟಿಲ್ಲ."

"ಸೂತಕದ ಮನೆ. ಹುಳ ಬದುಕ್ತವಾ?" ನರಸಿಂಹಮೂರ್ತಿ ಮೂಗು ಮುರಿದ.

"ಎಲ್ಲ ತಟ್ಟೇಲೂ ಹೀಗೇನಮ್ಮ?" ಮುನಿವೆಂಕಟಪ್ಪ ಕೇಳಿದರು.

"ಇಲ್ಲ ಕಣಪ್ಪ, ಮೂಲೇದು ಒಂದೇ."

"ಸೂತಕ ಒಂದೇ ತಟ್ಟೆಗೆ ಬಂತಾ?"

ಮುನಿವೆಂಕಟಪ್ಪ ಹುಳುಮನೆಗೆ ನಡೆದರು. ಎಲ್ಲರೂ ಹಿಂದೆ ಬಂದರು; ನರಸಿಂಹಮೂರ್ತಿ ಮಧುಕುಮಾರನನ್ನು ಎಳೆದುಕೊಂಡೇ ಬಂದ. ಮೂಲೆಯ ತಟ್ಟೆಗೆ ಹಾಸಿದ್ದ ಕಾಗದ ಎತ್ತಿದರು. ಕೆಳಗೆ ಏಳೂ ಪತ್ರಗಳಿದ್ದವು—ಹಸಿ ಸೊಪ್ಪಿನ ನೀರಿಳಿದು, ಶಾಯಿ ಕದಡಿ, ಒಂದಕ್ಷರವೂ ಉಳಿಯದೆ.

"ನುಸಿಗುಳಿಗೆ ವಾಸನೆ ಹುಳಕ್ಕೆ ವಿಷ. ಹುಳುಮನೆಗೆ ಊದುಬತ್ತೀನೂ ತರಬಾರ್ದು ಅಂತ ಈ ಊರಲ್ಲಿ ಮಕ್ಕಳಿಗೂ ಗೊತ್ತು. ಈ ಹೆಂಗಸರು ಹುಳದ ಜೊತೇಲೇ ಬಾಳಿದೋರು. ಮಧು ಮನೇಲೂ ಹುಳ ಸಾಕ್ತಾರೆ. ಆ ಪೆಟ್ಟಿಗೆ ಕಾಗದ ತಂದು ಹುಳದ ಕೆಳಗೆ ಇಡೋನು ಒಬ್ಬನೇ—ಚಿಕ್ಕಂದಿನಿಂದ ಪಟ್ಟಣದಲ್ಲಿ ಸೋದರಮಾವನ ಮನೇಲಿ ಬೆಳೆದೋನು. ಕಾರ್ಯ ಮುಗಿಸ್ಕೊಂಡು ಒಯ್ಯೋಣ ಅಂತಿದ್ಯೇನಪ್ಪ, ನರಸಿಂಹಮೂರ್ತಿ?"

ಅವನ ಕೈ ಮಧುಕುಮಾರನ ಕತ್ತುಪಟ್ಟಿಯಿಂದ ಜಾರಿತು. "ಗ್ರಂಥಾಲಯದ ಬೀರೂಲಿ ಕೊಳೆಯೋದಕ್ಕಿಂತ, ದುಡ್ಡು ಕೊಟ್ಟು ಬೇಕು ಅಂದೋರಿಗೆ ಕೊಟ್ಟರೆ ತಪ್ಪಾ?"

"ಈಗ ಕೊಡು, ಹೋಗು," ಎಂದರು ಮುನಿವೆಂಕಟಪ್ಪ.

ರಾಮಲಕ್ಷ್ಮಮ್ಮ ಬಾಗಿಲಿಗೆ ಒರಗಿದರು. "ಇವನನ್ನ ಠಾಣೆಗೆ ಕಳಿಸ್ಬೇಡೀಪ್ಪ. ನಾಡಿದ್ದು ಅವರಿಗೆ ಪಿಂಡ ಇಡೋಕೆ ಇವನ ಬಿಟ್ರೆ ಇನ್ಯಾರಿದ್ದಾರೆ?"

ಮುನಿವೆಂಕಟಪ್ಪ ಒದ್ದೆ ಕಾಗದಗಳನ್ನು ಹಿಡಿದೇ ಕಣ್ಣು ಮುಚ್ಚಿದರು—ಭಗವಂತಾ, ಈ ತಮ್ಮನ ಕೈಯಿಂದ ಇಟ್ಟ ಅನ್ನವಾದರೂ ನನ್ನ ಗೆಳೆಯನಿಗೆ ಸಲ್ಲಲಿ. ಇಲ್ಲಿ ಕಂಡದ್ದೊಂದೂ ಅವನನ್ನು ಮುಟ್ಟದಿರಲಿ. ನಿನ್ನ ಪಾದದಲ್ಲಿ ಅವನಿಗೆ ಶಾಂತಿ ಕೊಡು.