ಮುಚ್ಚದ ಗುಳಿ

“ಆ ಗುಳಿಯಲ್ಲಿ ಕಾಲಿಡಬೇಡಪ್ಪ. ಇಟ್ಟರೂ ಒಂದು ಮಾತು ನೆನಪಿರಲಿ. ಚೆಂಡು ಬ್ಯಾಟನ್ನು ಸವರಿ ಕೀಪರ್ ಕೈ ಸೇರಿತೋ, ಅಂಪೈರ್ ಬೆರಳಿಗೆ ಕಾಯಬೇಡ. ನೀನಾಗಿ ನಡೆದುಬಿಡು.”

ಪಿಚ್ಚಿಗೆ ರೋಲರ್ ಎಳೆಯುತ್ತಿದ್ದ ಮುದುಕ ಹೀಗೆಂದಾಗ ಆಮೆ ನಕ್ಕ. ಆಮೆ ಅನ್ನುವುದು ತಂಡದವರು ಇಟ್ಟ ಹೆಸರು. ಇಡೀ ದಿನ ಆಡಿ ಮೂವತ್ತೇ ರನ್ ಮಾಡಿದರೂ ಅವನ ಮುಖದಲ್ಲಿ ಬೇಸರ ಕಾಣುತ್ತಿರಲಿಲ್ಲ. ಅಂಥ ತಾಳ್ಮೆಯನ್ನು ದೇವರು ಎಲ್ಲರಿಗೂ ಕೊಡುವುದಿಲ್ಲ. ಸಂಬಳದ ಆಟಗಾರನಾಗಿ ಅವನಿಗಿದು ಮೊದಲ ಪಂದ್ಯ.

“ನಡೆಯದಿದ್ರೆ ಏನಾಗುತ್ತೆ ತಾತ? ಗುಳಿ ನನ್ನನ್ನ ನುಂಗಿಬಿಡುತ್ತಾ?”

“ನಿನ್ನನ್ನಲ್ಲ.” ಮುದುಕ ದನಿ ತಗ್ಗಿಸಿದ. “ಹಿಂದೆ ಒಬ್ಬ ಔಟೇ ಆಗಬಾರದು ಅಂತ ಮಾಟ ಮಾಡಿಸಿ, ಮನೆಯವರ ಕೂದಲಿನ ಗಂಟನ್ನ ಸುಟ್ಟು ಇಲ್ಲಿ ಹೂತ. ಅವನು ಔಟಾಗಲಿಲ್ಲ. ಅವನ ಔಟು ಮನೆಗೆ ಹೋಯ್ತು. ಎಷ್ಟು ಮಣ್ಣು ತುಂಬಿದ್ರೂ ಈ ಗುಳಿ ಮುಚ್ಚಲ್ಲ.”

“ಬೆರಳೆತ್ತೋ ತನಕ ಕ್ರೀಸು ನಿನ್ನದೇ ಅಂತ ನಮ್ಮಪ್ಪ ಹೇಳಿಕೊಟ್ಟಿದ್ದಾರೆ. ನೀವು ರೋಲರ್ ಎಳೀರಿ, ನಾನು ಆಡ್ತೀನಿ.”

ಕ್ರೀಸಿನಲ್ಲಿ, ಬ್ಯಾಟ್ ಹಿಡಿದು ನಿಲ್ಲುವಲ್ಲೇ ಅಂಗೈಯಗಲದ ಗುಳಿ. ಕಾಲಿಟ್ಟ. ಅವನ ಬಲಗಾಲಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು.

ಹನ್ನೆರಡು ರನ್ನಾಗಿದ್ದಾಗ ಚೆಂಡು ಬ್ಯಾಟಿನ ಅಂಚಿಗೆ ತಾಗಿ ಕೀಪರನ ಕೈಸೇರಿತು. ಬೌಲರ್ ಬೊಬ್ಬೆ ಹೊಡೆದ. ಅಂಪೈರ್ ಇಲ್ಲವೆಂದು ತಲೆಯಾಡಿಸಿದ. ಆಮೆ ಏನೂ ಅರಿಯದವನಂತೆ ಗ್ಲೌಸ್ ಬಿಗಿದುಕೊಂಡು ನಿಂತೇ ಇದ್ದ. ಕಾಲಡಿಯಿಂದ ಸುಟ್ಟ ಕೂದಲಿನ ವಾಸನೆ ಗಪ್ಪನೆ ಮೂಗಿಗಡರಿತು. ಸಂಜೆ ಮನೆಗೆ ಹೋದರೆ, ತಾಯಿಯಿಲ್ಲದ ಅವನನ್ನೂ ತಂಗಿಯನ್ನೂ ಸಾಕಿದ್ದ ಅಜ್ಜಿ ಕುರ್ಚಿಯಲ್ಲಿ ಕೂತಹಾಗೇ ತಣ್ಣಗಾಗಿದ್ದಳು.

“ವಯಸ್ಸಾಗಿತ್ತು ಬಿಡೋ,” ಎಂದ ಅಪ್ಪ.

ಎರಡು ತಿಂಗಳ ಮೇಲೆ ಅದೇ ಮೈದಾನ. ಅದೃಷ್ಟದ ಜಾಗವೆಂದು ಅವನೇ ಹುಡುಕಿಕೊಂಡು ಹೋಗಿ ಗುಳಿಯಲ್ಲಿ ಕಾಲೂರಿದ. ನಲವತ್ತರಲ್ಲಿ ಮತ್ತೆ ಅಂಚು, ಮತ್ತೆ ಬೊಬ್ಬೆ, ಮತ್ತೆ ಏಳದ ಬೆರಳು. ಮತ್ತೆ ಆ ವಾಸನೆ. ಗ್ಯಾಲರಿಯಲ್ಲಿ ಅಪ್ಪ ನಿದ್ದೆ ಬಂದವನಂತೆ ತಂಗಿಯ ಹೆಗಲಿಗೊರಗಿದ. ಅವನ ಬಿಳಿ ಟೋಪಿ ಮೆಟ್ಟಿಲುಗಳ ಮೇಲೆ ಉರುಳುತ್ತಾ ಕೆಳಗೆ ಬಂತು.

ಮಣ್ಣು ಮಾಡಿ ಬಂದಮೇಲೆ ಮುದುಕ ಸಿಕ್ಕಿದ. ಹೇಳಿದ್ದೆನಲ್ಲ ಎಂದು ಹಂಗಿಸಲಿಲ್ಲ. “ಇನ್ನೂ ಒಬ್ಬಳಿದ್ದಾಳಲ್ಲಪ್ಪ,” ಎಂದಷ್ಟೇ ಹೇಳಿ ನೆಲ ನೋಡಿದ.

ಮೂರನೆಯ ಸಲ ಆ ಮೈದಾನಕ್ಕೆ ಹೋಗಿದ್ದು, ದೇಶದ ತಂಡಕ್ಕೆ ಆರಿಸುವವರು ಬಂದು ಕೂರುವ ದಿನ.

“ನೀನು ಬರಬೇಡ ಕಣೇ,” ಎಂದ ತಂಗಿಗೆ.

“ಅಪ್ಪನ ಟೋಪಿ ಯಾರು ಬೀಸ್ತಾರೆ ಮತ್ತೆ? ನೀನು ನೂರು ಹೊಡೆಯೋ ಅಷ್ಟರಲ್ಲಿ ನಂಗೆ ಮೊಮ್ಮಕ್ಕಳಾಗಿರ್ತಾರೆ. ಅವರನ್ನೂ ಕರ್ಕೊಂಡು ಬರ್ತೀನಿ ಕಣೋ ಅಣ್ಣ.”

ಗುಳಿ ಬಿಟ್ಟು ಗೇಣುದ್ದ ಆಚೆ ಹೊಸ ಗುರುತು ಗೀರಿ ನಿಂತ. ಕಣ್ಣು ಕೆಳಗೆ ಹಾಯಿಸಿದರೆ, ಕಾಲು ಗುಳಿಯಲ್ಲೇ ಇತ್ತು. ತುಸು ಸವರಿದರೂ ಸಾಕು, ನಡೆದುಬಿಡುತ್ತೇನೆ ಎಂದು ದೇವರ ಮೇಲೆ ಆಣೆಯಿಟ್ಟುಕೊಂಡ. ಆಮೇಲೆ ಆಡಿದ. ಒಂದೊಂದೇ ರನ್. ಊಟದ ಹೊತ್ತು ಕಳೆಯಿತು. ಬಿಸಿಲು ಓರೆಯಾಯಿತು.

ತೊಂಬತ್ತೊಂಬತ್ತು.

ಚೆಂಡು ಗ್ಲೌಸನ್ನು ಸವರಿತು. ಕೂದಲೆಳೆ ತಾಗಿದಷ್ಟೇ. ಕೀಪರ್ ಹಿಡಿದ. ಯಾರೂ ಕೂಗಲಿಲ್ಲ. ಯಾರಿಗೂ ಗೊತ್ತಾಗಿರಲಿಲ್ಲ. ಬೌಂಡರಿಯಾಚೆ ರೋಲರಿನ ಆ ಮುದುಕ ಮಾತ್ರ ದಡಕ್ಕನೆ ಎದ್ದು ನಿಂತ.

ನಡಿ.

ಕಾಲನ್ನು ಯಾವ ಭೂತವೂ ಹಿಡಿದಿರಲಿಲ್ಲ. ಹಗುರಾಗಿತ್ತು. ಒಂದು ಹೆಜ್ಜೆ ಸಾಕಿತ್ತು.

ನಡಿ.

ಆರಿಸುವವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದರು. ತಾಗಿದ್ದು ಗ್ಲೌಸಿಗೋ, ಬರೀ ಗಾಳಿಯೋ? ಗಾಳಿಯೇ ಇರಬೇಕು. ಅಜ್ಜಿಗೆ ವಯಸ್ಸಾಗಿತ್ತು. ಅಪ್ಪನಿಗೆ ಎದೆನೋವಿತ್ತು. ತಂಗಿಗೆ ಹತ್ತೊಂಬತ್ತು. ಹತ್ತೊಂಬತ್ತಕ್ಕೆ ಏನಾಗುತ್ತೆ?

ಸುಟ್ಟ ಕೂದಲಿನ ವಾಸನೆ.

ಉಸಿರು ಬಿಗಿಹಿಡಿದ. ಗ್ಯಾಲರಿಯತ್ತ ನೋಡಲಿಲ್ಲ. ಬೌಲರ್ ಓಡಿಬಂದ. ಮೆಲ್ಲಗೆ ತಳ್ಳಿದ. ಓಡಿದ.

ನೂರು.

ಮೈದಾನಕ್ಕೆ ಮೈದಾನವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಗ ಬ್ಯಾಟೆತ್ತಿ ಗ್ಯಾಲರಿಯತ್ತ ತಿರುಗಿದ. ಎದ್ದು ನಿಂತವರ ಕಾಲುಗಳ ಸಂದಿಯಿಂದ ಬಿಳಿ ಟೋಪಿಯೊಂದು, ಯಾವ ಅವಸರವೂ ಇಲ್ಲದೆ, ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿ ಬರುತ್ತಿತ್ತು.