ಹೆಗಲ ಮೇಲಿನ ಕೈ

"ಆ ಮೆಷಿನ್ ನಿಲ್ಲಿಸ್ತೀರಾ, ಇಲ್ಲ ವೈರ್ ಕಿತ್ತು ಬಿಸಾಕ್ಲಾ?"

ಚರ್ಚಿನ ಹಿಂದಿನ ಅಂಗಳದಲ್ಲಿ ಕಬ್ಬಿಣದ ಗೇಟು ಉಜ್ಜುತ್ತಿದ್ದ ವೆಲ್ಡರ್ ತಲೆ ಎತ್ತಿದ. ಎದುರಿಗೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹುಡುಗಿ. ಸೊಂಟದ ಮೇಲೆ ಕೈ, ಮೂಗಿನ ತುದಿಯಲ್ಲಿ ಕೋಪ.

"ಒಳಗೆ ಫಾದರ್ ಬೈಬಲಿನ ಯೋಬನ ಕಥೆ ಹೇಳ್ತಿದ್ದಾರೆ. ಮಕ್ಕಳು ಸತ್ತು, ಮೈಯೆಲ್ಲ ಹುಣ್ಣಾಗಿ, ಯಾಕೆ ಹಿಂಗ್ ಮಾಡ್ದೆ ಅಂತ ಅವನು ದೇವರನ್ನೇ ಕೇಳ್ತಿದ್ದಾನೆ. ನಿಮ್ಮ ಗ್ರೈಂಡರ್ ಅವನಿಗಿಂತ ಜೋರಾಗಿ ಅರಚ್ತಿದೆ."

"ಉತ್ತರ ಸಿಕ್ತಾ ಅವನಿಗೆ?"

"ಎಲ್ಲಿ ಕೇಳಿಸ್ತು? ನಿಮ್ಮ ದಯೆ."

ವೆಲ್ಡರ್ ಸ್ವಿಚ್ ಆರಿಸಿದ. ಕೈ ಒರೆಸಿಕೊಂಡು ಅವಳ ಹಿಂದೆಯೇ ಬಂದು ಕೊನೇ ಬೆಂಚಿನಲ್ಲಿ ಕೂತ. ಹುಟ್ಟಿದಾಗಿನಿಂದ ಅದೇ ಚರ್ಚಿಗೆ ಬರುತ್ತಿದ್ದವನು. ದೇವರನ್ನು ಹೀಗೆ ಎದುರು ನಿಂತು ಕೇಳಬಹುದು ಅನ್ನೋದು ಅವನಿಗೆ ಅವತ್ತೇ ಗೊತ್ತಾಗಿದ್ದು!

ಆಮೇಲೆ ಅವನು ಒಂದು ಬುಧವಾರವೂ ತಪ್ಪಿಸಲಿಲ್ಲ.

ಜ್ಞಾನಸ್ನಾನ ಪಡೆದು ಚರ್ಚಿಗೆ ಸೇರಬೇಕೆಂದಿರುವ ದೊಡ್ಡವರಿಗೆ ಫಾದರ್ ಪ್ರತಿ ಬುಧವಾರ ನಡೆಸುತ್ತಿದ್ದ ಸಂಜೆ ತರಗತಿ ಅದು. ಧರ್ಮಗ್ರಂಥ ಓದೋದು, ಚರ್ಚಿನ ಇತಿಹಾಸ ಕೇಳೋದು, ದೇವರು ಒಳ್ಳೆಯವನಾದರೆ ಲೋಕ ಯಾಕೆ ಹಿಂಗಿದೆ ಅಂತ ಕಿತ್ತಾಡೋದು. ಕಿತ್ತಾಟದಲ್ಲಿ ಯಾವಾಗಲೂ ಅವಳೇ ಮುಂದು. ತರಗತಿಯವರು ಅವಳಿಗೆ 'ಕೆಂಡ' ಅಂತ ಹೆಸರಿಟ್ಟಿದ್ದರು.

ಅವಳಮ್ಮ ಆಸ್ಪತ್ರೆಯ ವರಾಂಡದಲ್ಲಿ ಬೆಡ್ಡಿಗಾಗಿ ಕಾಯುತ್ತಾ ಕಾಯುತ್ತಾ ಜೀವ ಬಿಟ್ಟಿದ್ದರು. ಬಂದವರೆಲ್ಲ ಹೇಳಿದ್ದು ಒಂದೇ ಮಾತು... ಸಮಾಧಾನ ಮಾಡ್ಕೋ. ಥೂ, ಯಾರಿಗೆ ಬೇಕಿತ್ತು ಆ ಸಮಾಧಾನ? ಆಗಲೇ ಯಾರೋ ಅವಳಿಗೆ ಹೇಳಿದ್ದರು, ದೇವರ ಮನೆಯನ್ನು ಸಂತೆ ಮಾಡಿಕೊಂಡವರ ಮೇಜುಗಳನ್ನು ಯೇಸು ಮಗುಚಿ ಹಾಕಿದ ಅಂತ. ಸಿಟ್ಟು ಬರುವ ದೇವರು! ಆ ಸಿಟ್ಟಿನ ಬೆನ್ನು ಹತ್ತಿಯೇ ಅವಳು ಇಲ್ಲಿಗೆ ಬಂದಿದ್ದು.

ಅಣ್ಣ ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಅದೇನು ಬೇಕೋ ಮಾಡ್ಕೋ, ನಮ್ಮ ಕಡೆಯಿಂದ ಒಂದು ನರಪಿಳ್ಳೆಯೂ ಬರೋದಿಲ್ಲ.

ದಿನ ಹತ್ತಿರ ಬಂತು. ಜ್ಞಾನಸ್ನಾನ ಪಡೆಯುವವರ ಹಿಂದೆ ಒಬ್ಬರು ಹೆಗಲ ಮೇಲೆ ಕೈಯಿಟ್ಟು ನಿಲ್ಲಬೇಕು, ಇವರ ನಂಬಿಕೆಗೆ ನಾನಿದ್ದೇನೆ ಅಂತ. ಅವರೇ ಜ್ಞಾನತಂದೆ, ಇಲ್ಲವೇ ಜ್ಞಾನತಾಯಿ. ಅವಳಿಗೆ ನೆನಪಾದ ಮುಖ ಒಂದೇ.

ತರಗತಿ ಮುಗಿದ ಮೇಲೆ ಅವನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿದಳು. ವೆಲ್ಡರನ ಮುಖ ಬಿಳಿಚಿಕೊಂಡಿತು.

"ನನ್ನಿಂದ ಆಗಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಅಷ್ಟೇ. ತಿರುಗಿಯೂ ನೋಡದೆ ಹೋಗಿಬಿಟ್ಟ.

ಹೌದಲ್ಲ... ಹುಟ್ಟಾ ಚರ್ಚಿನವನು. ನಿನ್ನೆ ಮೊನ್ನೆ ಬಂದವಳ ಹೆಗಲು ಮುಟ್ಟಿದರೆ ಕೈ ಕೊಳೆಯಾಗುತ್ತೇನೋ! ಮರುದಿನ ಲಾಂಡ್ರಿಯಲ್ಲಿ ಇದನ್ನೇ ಯೋಚಿಸುತ್ತಾ ಇಸ್ತ್ರಿಪೆಟ್ಟಿಗೆಯನ್ನು ಬಿಳಿ ಚಾದರದ ಮೇಲೆ ಮರೆತಳು. ಹೊಗೆ ಎದ್ದಿತು. ಮಾಲೀಕ ಕೂಗಾಡಿದ. ಅವಳು ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ವೆಲ್ಡಿಂಗ್ ಶಾಪಿಗೆ ನಡೆದಳು.

ಅಲ್ಲಿ ವೆಲ್ಡರನ ತಾಯಿ ಊಟದ ಡಬ್ಬಿ ಹಿಡಿದು ಸ್ಟೂಲಿನ ಮೇಲೆ ಕೂತಿದ್ದರು. ಅವರಿದ್ದಾರೆ ಅಂತಲೂ ನೋಡಲಿಲ್ಲ ಅವಳು.

"ನಮ್ಮಣ್ಣ ಬಾಗಿಲು ಹಾಕ್ದ, ಹಾಕ್ಲಿ. ಒಳಗಿರೋ ನೀವೂ ಹಾಕಿದ್ರೆ ನಾನೆಲ್ಲಿ ನಿಲ್ಲಲಿ? ಅಷ್ಟು ಕೀಳಾಗಿ ಕಂಡ್ನಾ?"

ಅವನಿಗೂ ರೇಗಿತು. ಮುಖದ ಮಾಸ್ಕ್ ಕಿತ್ತು ಎಸೆದ.

"ಇತಿಹಾಸದ ಪಾಠ ಮರೆತ್ರಾ? ಜ್ಞಾನತಂದೆ ಆದೋನು ಆ ಹುಡುಗೀನ ಮದುವೆ ಆಗೋ ಹಾಗಿಲ್ಲ ಅಂತ ಫಾದರ್ ಹೇಳ್ಲಿಲ್ವಾ? ನಿಮ್ಮ ಹಿಂದೆ ನಿಂತ್ರೆ ನೀವು ನನಗೆ ಮಗಳಾಗ್ತೀರಿ. ನನಗೆ ಮಗಳು ಬೇಡ... ನೀವು ಬೇಕು."

ಬಿಸಿ ಕಬ್ಬಿಣ ಚಿಟಚಿಟ ಅನ್ನುತ್ತಿತ್ತು.

ಅವಳು ನಿಧಾನವಾಗಿ ಕೇಳಿದಳು, ಆ ಪಾಠ ಪೂರ್ತಿ ಕೇಳಿದ್ರಾ ಅಂತ. ಎಲ್ಲಿಂದ ಕೇಳ್ತಾನೆ? ಯಾರದೋ ಕಿಟಕಿ ಸಾಗಿಸೋ ಗಾಡಿ ಬಂತೆಂದು ಅರ್ಧಕ್ಕೇ ಎದ್ದು ಓಡಿದ್ದ.

"ಅದು ಹಳೇ ಕಾನೂನು ಕಣ್ರೀ. ನಮ್ಮಲ್ಲಿ ಅದನ್ನ ತೆಗೆದುಹಾಕಿ ಎಷ್ಟೋ ವರ್ಷ ಆಯ್ತಂತೆ. ನೀವು ಎದ್ದು ಹೋದ್ಮೇಲೆ ಫಾದರನ್ನ ನಾನೇ ಕೇಳ್ದೆ."

"ನೀವ್ಯಾಕೆ ಕೇಳಿದ್ರಿ?"

ಅವಳು ಕಿವಿಯವರೆಗೂ ಕೆಂಪಾದಳು. ಅಯ್ಯೋ... ಸಿಕ್ಕಿಬಿದ್ದೆನಲ್ಲ!

ಸ್ಟೂಲಿನಿಂದ ತಾಯಿ ಎದ್ದರು. "ಮಗಳಾಗಾದ್ರೂ ಬಾ, ಸೊಸೆಯಾಗಾದ್ರೂ ಬಾ, ಬಂದ್ಬಿಡು. ಅರ್ಧ ಕೇಳಿ ಎದ್ದೋಗೋದು ಇವರಪ್ಪನ ಬುದ್ಧಿ. ನನ್ನ ಕೈಲಿ ತಿದ್ದೋಕಾಗ್ಲಿಲ್ಲ."

ಭಾನುವಾರ ಅಣ್ಣ ಬರಲಿಲ್ಲ. ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು, ಇನ್ನೊಮ್ಮೆ ನೋಡಿದಳು. ಆಗ ಹೆಗಲ ಮೇಲೆ ಒಂದು ಕೈ ಬಂತು. ಒರಟು ಕೈ, ಬೆರಳ ತುಂಬ ಕಿಡಿ ಸುಟ್ಟ ಕಲೆ.

ಫಾದರ್ ಅವಳ ತಲೆಯ ಮೇಲೆ ನೀರು ಸುರಿದರು. ಅಮ್ಮ ಹೋದ ದಿನವೂ ಬಾರದ ಅಳು ಈಗ ಬಂತು.

"ಇನ್ನೂ ಸಿಟ್ಟಿದೆಯಾ?" ಹಿಂದಿನಿಂದ ಪಿಸುಮಾತು.

"ಇದೆ. ಅಮ್ಮನಿಗೆ ಬೆಡ್ ಕೊಡದೋರ ಮೇಲೆ. ಅಣ್ಣನ ಮೇಲೆ. ಒಂಚೂರು ದೇವರ ಮೇಲೂ."

"ನನ್ನ ಮೇಲೆ?"

"ಹೇಳ್ತೀನಿ... ಅಲ್ಲೀವರೆಗೂ ಕೈ ತೆಗೀಬೇಡಿ."